ಡಬ್ಲ್ಯು-4 ತುಂಬುವಾಗ ಯಾವ ದಾರಿ: ದೊಡ್ಡ ರಿಫಂಡೋ, ಏಪ್ರಿಲ್‌ನ ಬಾಕಿಯೋ?

ಅಮೆರಿಕದಲ್ಲಿ ಕೆಲಸಕ್ಕೆ ಸೇರುವಾಗ ಸಹಿ ಮಾಡಬೇಕಾದ ಕಾಗದಗಳ ಕಟ್ಟಿನಲ್ಲಿ ಡಬ್ಲ್ಯು-4 ಎಂಬ ಫಾರಂ ಇರುತ್ತದೆ. ಆರೋಗ್ಯ ವಿಮೆ ಯಾವುದು, ನಿವೃತ್ತಿ ಉಳಿತಾಯದ 401(ಕೆ) ಖಾತೆಗೆ ಎಷ್ಟು ಎಂದು ದಿನಗಟ್ಟಲೆ ಯೋಚಿಸುವವರು ಕೂಡ ಇದನ್ನು ಎರಡೇ ನಿಮಿಷದಲ್ಲಿ ತುಂಬಿ ಕೊಟ್ಟುಬಿಡುತ್ತಾರೆ. ಪ್ರತಿ ಸಂಬಳದಿಂದ ಎಷ್ಟು ಕೇಂದ್ರ ಆದಾಯ ತೆರಿಗೆ ಮುರಿದುಕೊಳ್ಳಬೇಕು ಎಂಬುದನ್ನು ಕಂಪನಿಯ ವೇತನ ವಿಭಾಗ ಈ ಫಾರಂ ನೋಡಿಯೇ ಲೆಕ್ಕ ಹಾಕುತ್ತದೆ. ಮುಂದಿನ ಏಪ್ರಿಲ್‌ನಲ್ಲಿ ರಿಟರ್ನ್ ಸಲ್ಲಿಸುವಾಗ ಕೆಲವರಿಗೆ ರಿಫಂಡ್ ಬರುವುದಕ್ಕೂ ಇನ್ನು ಕೆಲವರು ಸಾವಿರಾರು ಡಾಲರ್ ಕಟ್ಟಬೇಕಾಗಿ ಬರುವುದಕ್ಕೂ ಬಹುಪಾಲು ಕಾರಣ ಇದೇ.

ಈ ಫಾರಂನಲ್ಲಿ ಏನೇ ಬರೆದರೂ ವರ್ಷದ ಒಟ್ಟು ತೆರಿಗೆ ಒಂದು ಡಾಲರ್ ಕೂಡ ಏರುವುದಿಲ್ಲ, ಇಳಿಯುವುದೂ ಇಲ್ಲ. ಬದಲಾಗುವುದು ತೆರಿಗೆ ಕಟ್ಟುವ ಕಾಲ ಮಾತ್ರ. ಆದ್ದರಿಂದ ಯಾವ ಆಯ್ಕೆಯಿಂದ ತೆರಿಗೆ ಉಳಿಯುತ್ತದೆ ಎಂಬ ಪ್ರಶ್ನೆಗೆ ಇಲ್ಲಿ ಅರ್ಥವಿಲ್ಲ. ಯಾವ ಆಯ್ಕೆಯಲ್ಲಿ ನಮ್ಮ ಹಣ ವರ್ಷದುದ್ದಕ್ಕೂ ಎಲ್ಲಿರುತ್ತದೆ, ಯಾವುದರಲ್ಲಿ ದಂಡದ ಅಪಾಯವಿದೆ ಎಂಬುದೇ ಹೋಲಿಸಬೇಕಾದ ವಿಷಯ.

ಸೊನ್ನೆ, ಒಂದು, ಎರಡರ ಹಳೆಯ ಲೆಕ್ಕ

ಸಂಬಳದಿಂದಲೇ ತೆರಿಗೆ ಮುರಿದುಕೊಳ್ಳುವ ಈಗಿನ ಪದ್ಧತಿ ಅಮೆರಿಕದಲ್ಲಿ 1943ರ ಕಾಯ್ದೆಯಿಂದ ನೆಲೆಗೊಂಡಿತು. ಅಲ್ಲಿಂದ ಬಹುಕಾಲ ಡಬ್ಲ್ಯು-4 ಎಂದರೆ ಅಲೋಯನ್ಸ್‌ಗಳ (ಮುರಿತ ಇಳಿಸುವ ತಲಾವಾರು ಎಣಿಕೆಯ) ಸಂಖ್ಯೆ ಬರೆಯುವ ಫಾರಂ ಎಂದೇ ಅರ್ಥವಿತ್ತು: ತನಗೊಂದು, ಹೆಂಡತಿಗೊಂದು, ಮಕ್ಕಳಿಗೆ ತಲಾ ಒಂದು. ಸಂಖ್ಯೆ ಹೆಚ್ಚಿದಷ್ಟೂ ಮುರಿತ ಕಡಿಮೆ, ಕೈಗೆ ಬರುವ ಸಂಬಳ ಹೆಚ್ಚು. ಸೊನ್ನೆ ಎಂದು ಬರೆದರೆ ಮುರಿತ ಹೆಚ್ಚು, ವಸಂತದಲ್ಲಿ ರಿಫಂಡ್. 2017ರ ತೆರಿಗೆ ಕಾಯ್ದೆ ತಲಾವಾರು ವಿನಾಯಿತಿಯನ್ನು 2018ರಿಂದ ತೆಗೆದುಹಾಕಿದ ಮೇಲೆ ಅಲೋಯನ್ಸ್‌ಗೆ ಆಧಾರವೇ ಇಲ್ಲವಾಯಿತು. 2020ರಲ್ಲಿ ಫಾರಂ ಪೂರ್ತಿಯಾಗಿ ಬದಲಾಗಿ, ಸಂಖ್ಯೆಯ ಜಾಗದಲ್ಲಿ ಐದು ಹಂತಗಳು ಬಂದವು.

ಆದರೂ ‘ಸೊನ್ನೆ ಹಾಕಿ, ಚಿಂತೆ ಇರುವುದಿಲ್ಲ’ ಎಂಬ ಸಲಹೆ ಇಂದಿಗೂ ಚಲಾವಣೆಯಲ್ಲಿದೆ. ಹೊಸ ಫಾರಂನಲ್ಲಿ ಸೊನ್ನೆ ಬರೆಯುವ ಜಾಗವೇ ಇಲ್ಲ. 2020ಕ್ಕೆ ಮೊದಲು ಕೆಲಸಕ್ಕೆ ಸೇರಿ ಅಂದಿನ ಫಾರಂ ಅನ್ನೇ ಉಳಿಸಿಕೊಂಡವರಿಗೆ ಮಾತ್ರ ಹಳೆಯ ಲೆಕ್ಕ ಇನ್ನೂ ನಡೆಯುತ್ತದೆ, ಅವರು ಬದಲಿಸಲೇಬೇಕೆಂಬ ನಿಯಮವಿಲ್ಲ. ಆದರೆ ಅಂದಿನಿಂದ ಮದುವೆ, ಮಗು, ಸಂಗಾತಿಯ ಕೆಲಸ, ಇವುಗಳಲ್ಲಿ ಯಾವುದಾದರೂ ಬಂದಿದ್ದರೆ ಹಳೆಯ ಸಂಖ್ಯೆಯನ್ನೇ ನೆಚ್ಚಿಕೊಂಡಿರುವುದು ಜಾಣತನವಲ್ಲ.

ದೊಡ್ಡ ರಿಫಂಡ್, ಸಣ್ಣ ಬಾಕಿ

ರಿಫಂಡ್ ಬಂದಾಗ ಆಗುವ ಸಂತೋಷವನ್ನು ಅಲ್ಲಗಳೆಯಬೇಕಾಗಿಲ್ಲ, ಆದರೆ ಅದು ಸರ್ಕಾರ ಕೊಟ್ಟ ಬಹುಮಾನವಲ್ಲ. 3,600 ಡಾಲರ್ ರಿಫಂಡ್ ಬಂತೆಂದರೆ ತಿಂಗಳಿಗೆ 300 ಡಾಲರ್‌ನಂತೆ ಹೆಚ್ಚಾಗಿ ಕಟ್ಟಿ, ಅದನ್ನೇ ಮರುವರ್ಷ ವಾಪಸ್ ಪಡೆದಂತಾಯಿತು. ಲಾಭಾಂಶವೇ ಇಲ್ಲದ ಚೀಟಿ ಕಟ್ಟಿದ ಹಾಗೆ. ರಿಟರ್ನ್ ಸಲ್ಲಿಸುವ ಕಡೆಯ ದಿನದಿಂದ 45 ದಿನಗಳೊಳಗೆ ರಿಫಂಡ್ ಕೊಟ್ಟರೆ ಅಮೆರಿಕದ ಕೇಂದ್ರ ತೆರಿಗೆ ಇಲಾಖೆಯಾದ ಐಆರ್‌ಎಸ್ ಅದಕ್ಕೆ ಬಡ್ಡಿ ಕೊಡಬೇಕಾಗಿಲ್ಲ. ಕ್ರೆಡಿಟ್ ಕಾರ್ಡಿನ ಸಾಲವನ್ನೋ ಊರಿನ ಮನೆಯ ಸಾಲವನ್ನೋ ತೀರಿಸುತ್ತಿರುವವರಿಗೆ ಆ 300 ಡಾಲರ್ ತಿಂಗಳು ತಿಂಗಳೂ ಕೈಯಲ್ಲಿರುವುದೇ ಲೇಸು. ಕೈಯಲ್ಲಿ ಹಣ ನಿಲ್ಲದವರು, ಏಪ್ರಿಲ್‌ನಲ್ಲಿ ಒಮ್ಮೆಲೇ ದುಡ್ಡು ಹೊಂದಿಸುವ ಒತ್ತಡ ಬೇಡವೆನ್ನುವವರು ರಿಫಂಡಿನ ಕಡೆಗೆ ವಾಲಿದರೆ ಅದನ್ನೂ ತಪ್ಪೆನ್ನಲಾಗದು.

ಇನ್ನೊಂದು ತುದಿಯಲ್ಲಿ, ಆದಷ್ಟು ಕಡಿಮೆ ಮುರಿಸಿಕೊಂಡು ಕೊನೆಯಲ್ಲಿ ಒಟ್ಟಿಗೆ ಕಟ್ಟುವವರಿದ್ದಾರೆ. ಈ ದಾರಿಗೆ ಒಂದು ಮಿತಿ ಇದೆ. ಕಡಿಮೆ ಕಟ್ಟಿದ್ದಕ್ಕೆ ಐಆರ್‌ಎಸ್ ಬಡ್ಡಿಯ ಲೆಕ್ಕದಲ್ಲಿ ದಂಡ ಹಾಕುತ್ತದೆ; 2024ರಲ್ಲಿ ಅದರ ದರ ಶೇ. 8 ಇತ್ತು, 2025ರಲ್ಲಿ ಶೇ. 7. ದಂಡ ತಪ್ಪಬೇಕಾದರೆ ಕೊನೆಯ ಬಾಕಿ 1,000 ಡಾಲರ್‌ಗಿಂತ ಕಡಿಮೆ ಇರಬೇಕು, ಇಲ್ಲವೇ ಈ ವರ್ಷದ ತೆರಿಗೆಯ ಶೇ. 90ರಷ್ಟು ಸಕಾಲದಲ್ಲಿ ಕಟ್ಟಿರಬೇಕು, ಅದೂ ಇಲ್ಲವಾದರೆ ಹಿಂದಿನ ವರ್ಷದ ಪೂರ್ತಿ ತೆರಿಗೆಯಷ್ಟನ್ನಾದರೂ ಕಟ್ಟಿರಬೇಕು. ಹಿಂದಿನ ವರ್ಷದ ಆದಾಯ 1,50,000 ಡಾಲರ್ ಮೀರಿದ್ದವರಿಗೆ ಈ ಕೊನೆಯ ಲೆಕ್ಕ ಶೇ. 110. ಈ ಮಿತಿಯೊಳಗೆ ಇದ್ದು ಏಪ್ರಿಲ್ 15ಕ್ಕೆ ಬಾಕಿ ತೀರಿಸುವವರು ಯಾವ ದಂಡವೂ ಇಲ್ಲದೆ ತಮ್ಮ ಹಣವನ್ನು ವರ್ಷವಿಡೀ ತಮ್ಮ ಬಳಿಯೇ ಇಟ್ಟುಕೊಂಡಂತಾಗುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಶಿಸ್ತಿನಿಂದ ಉಳಿತಾಯ ಮಾಡುವವರಿಗೆ ರಿಫಂಡೂ ಬಾಕಿಯೂ ಸೊನ್ನೆಯ ಆಸುಪಾಸಿನಲ್ಲಿರುವುದೇ ಗುರಿಯಾಗಿರಬೇಕು, ಒಂದಿಷ್ಟು ಬಾಕಿಯ ಕಡೆಗೆ ವಾಲಿದ್ದರೂ ಅಡ್ಡಿಯಿಲ್ಲ.

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆ

ಅತಿ ಹೆಚ್ಚು ಎಡವುವುದು ಇಲ್ಲಿಯೇ. ಗಂಡ ತನ್ನ ಫಾರಂನಲ್ಲಿ ‘ಮದುವೆಯಾಗಿದೆ, ಜಂಟಿ ರಿಟರ್ನ್’ ಎಂದು ಗುರುತು ಹಾಕುತ್ತಾನೆ, ಹೆಂಡತಿಯೂ ತನ್ನ ಕಚೇರಿಯಲ್ಲಿ ಅದನ್ನೇ ಮಾಡುತ್ತಾಳೆ. ಇಬ್ಬರೂ ಬರೆದದ್ದು ನಿಜವೇ. ಆದರೆ ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಕೆಲಸಗಳಿದ್ದರೆ ತುಂಬಬೇಕಾದ ಎರಡನೇ ಹಂತವನ್ನು ಖಾಲಿ ಬಿಟ್ಟಾಗ ಎರಡು ಕಂಪನಿಗಳೂ ಈ ಮನೆಗೆ ಇದೊಂದೇ ಸಂಬಳ ಎಂದು ಭಾವಿಸಿ, ಜಂಟಿ ರಿಟರ್ನಿನ ಇಡೀ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಲೆಕ್ಕಕ್ಕೆ ಮುನ್ನ ಆದಾಯದಿಂದ ಕಳೆಯುವ ನಿಗದಿತ ಮೊತ್ತ) ಅನ್ನೂ ಕಡಿಮೆ ತೆರಿಗೆ ದರ ಬೀಳುವ ಆದಾಯದ ಇಡೀ ಭಾಗವನ್ನೂ ತಲಾ ಒಂದೊಂದು ಬಾರಿ ಕೊಟ್ಟುಬಿಡುತ್ತವೆ. ರಿಟರ್ನಿನಲ್ಲಿ ಅದು ಸಿಗುವುದು ಒಂದೇ ಬಾರಿ.

2026ರ ದರಗಳಲ್ಲಿ ಒಂದು ಲೆಕ್ಕ ನೋಡಬಹುದು. ಒಬ್ಬರ ಸಂಬಳ 1,20,000 ಡಾಲರ್, ಇನ್ನೊಬ್ಬರದು 90,000; ಮಕ್ಕಳಿಲ್ಲ, ಬೇರೆ ಆದಾಯವಿಲ್ಲ. ಒಟ್ಟು 2,10,000ದಲ್ಲಿ ಜಂಟಿ ಸ್ಟ್ಯಾಂಡರ್ಡ್ ಡಿಡಕ್ಷನ್ 32,200 ಕಳೆದರೆ 1,77,800 ಉಳಿಯುತ್ತದೆ, ಅದರ ಮೇಲಿನ ತೆರಿಗೆ 28,540 ಡಾಲರ್. ಎರಡನೇ ಹಂತ ಖಾಲಿ ಬಿಟ್ಟರೆ ಮೊದಲ ಸಂಬಳದಿಂದ ಮುರಿಯುವುದು 10,040, ಎರಡನೆಯದರಿಂದ 6,440, ಒಟ್ಟು 16,480. ಏಪ್ರಿಲ್‌ನಲ್ಲಿ ಕಟ್ಟಬೇಕಾದ ಬಾಕಿ 12,060 ಡಾಲರ್! ಹಿಂದಿನ ವರ್ಷದ ತೆರಿಗೆಯ ಆಸರೆಯೂ ಇಲ್ಲದಿದ್ದರೆ ಅದರ ಮೇಲೆ ಕೆಲವು ನೂರು ಡಾಲರ್ ದಂಡ.

ಇದಕ್ಕೆ ಫಾರಂ ಮೂರು ಪರಿಹಾರಗಳನ್ನು ಕೊಡುತ್ತದೆ. ಅತ್ಯಂತ ಸುಲಭದ್ದು 2(ಸಿ) ಎಂಬ ಪುಟ್ಟ ಚೌಕ. ಮನೆಯಲ್ಲಿ ಒಟ್ಟು ಎರಡೇ ಕೆಲಸಗಳಿದ್ದು, ಇಬ್ಬರೂ ತಂತಮ್ಮ ಫಾರಂನಲ್ಲಿ ಆ ಚೌಕಕ್ಕೆ ಗುರುತು ಹಾಕಿದರೆ, ಪ್ರತಿ ಕಂಪನಿಯೂ ಡಿಡಕ್ಷನ್ ಮತ್ತು ದರಗಳ ಅರ್ಧ ಭಾಗವನ್ನಷ್ಟೇ ಕೊಡುತ್ತದೆ. ಮೇಲಿನ ದಂಪತಿಯ ಲೆಕ್ಕದಲ್ಲಿ ಆಗ ಮುರಿಯುವುದು 17,570 ಮತ್ತು 10,970. ಒಟ್ಟು ಸರಿಯಾಗಿ 28,540. ಇಬ್ಬರ ಸಂಬಳವೂ ಒಂದೇ ದರದ ಪಟ್ಟಿಯೊಳಗೆ ಬಂದು ನಿಲ್ಲುವುದರಿಂದ ರಿಫಂಡೂ ಇಲ್ಲ, ಬಾಕಿಯೂ ಇಲ್ಲ. ಒಬ್ಬರು ಮಾತ್ರ ಗುರುತು ಹಾಕಿ ಇನ್ನೊಬ್ಬರು ಮರೆತರೆ ಈ ಲೆಕ್ಕ ಕೂಡುವುದಿಲ್ಲ.

ಆದರೆ ಸಂಬಳಗಳ ಅಂತರ ದೊಡ್ಡದಿದ್ದರೆ ಈ ಚೌಕ ಅತಿ ಮಾಡುತ್ತದೆ. ಒಬ್ಬರಿಗೆ 1,60,000, ಇನ್ನೊಬ್ಬರಿಗೆ ಅರ್ಧ ದಿನದ ಕೆಲಸದಿಂದ 30,000 ಎಂದುಕೊಳ್ಳೋಣ. ನಿಜವಾದ ತೆರಿಗೆ 24,140. ಚೌಕಕ್ಕೆ ಗುರುತು ಹಾಕಿದರೆ ಮುರಿತ 28,554ಕ್ಕೆ ಏರಿ, 4,414 ಡಾಲರ್ ರಿಫಂಡಿಗೆ ಕಾಯಬೇಕಾಗುತ್ತದೆ. ಖಾಲಿ ಬಿಟ್ಟರೆ ದೊಡ್ಡ ಸಂಬಳದಿಂದ 17,540 ಮಾತ್ರ ಮುರಿದು, ಸಣ್ಣ ಸಂಬಳದಿಂದ ಏನೂ ಮುರಿಯದೆ, 6,600 ಬಾಕಿ ಬೀಳುತ್ತದೆ. ಕಡಿಮೆ ಸಂಬಳವು ದೊಡ್ಡ ಸಂಬಳದ ಅರ್ಧಕ್ಕಿಂತ ಹೆಚ್ಚಿದ್ದಾಗ ಮಾತ್ರ ಈ ಚೌಕ ಹೆಚ್ಚುಕಡಿಮೆ ನಿಖರವಾಗಿರುತ್ತದೆ ಎಂದು ಫಾರಂನಲ್ಲೇ ಬರೆದಿದೆ, ಆ ಸಾಲನ್ನು ಓದುವವರು ಕಡಿಮೆ.

ಅಂಥವರಿಗೆ ಇರುವುದು ಫಾರಂನ ಒಳಪುಟದ ಕೋಷ್ಟಕ, ಇಲ್ಲವೇ ಐಆರ್‌ಎಸ್ ಜಾಲತಾಣದ ಎಸ್ಟಿಮೇಟರ್. ಎರಡರ ಫಲಿತಾಂಶವೂ ಮುಖ್ಯವಾಗಿ 4(ಸಿ) ಸಾಲಿಗೆ, ಅಂದರೆ ಪ್ರತಿ ಸಂಬಳದಲ್ಲಿ ಇಷ್ಟು ಡಾಲರ್ ಹೆಚ್ಚಾಗಿ ಮುರಿಯಿರಿ ಎಂಬಲ್ಲಿಗೆ ಬರುತ್ತದೆ. ಮೇಲಿನ ಉದಾಹರಣೆಯಲ್ಲಿ 6,600 ಡಾಲರನ್ನು ಎರಡು ವಾರಕ್ಕೊಮ್ಮೆ ಬರುವ 26 ಸಂಬಳಗಳಿಗೆ ಹಂಚಿದರೆ ಸುಮಾರು 254 ಡಾಲರ್. ಇದನ್ನು ದೊಡ್ಡ ಸಂಬಳದವರ ಫಾರಂನಲ್ಲಿ ಬರೆದರೆ ಕೆಲಸ ಮುಗಿಯಿತು. ಕೋಷ್ಟಕಕ್ಕೆ ಸಂಬಳದ ಮೊತ್ತಗಳು ಸಾಕು, ಎಸ್ಟಿಮೇಟರ್‌ಗೆ ಇಬ್ಬರ ಈಚಿನ ಸಂಬಳದ ಚೀಟಿಗಳೂ ಬೇಕು. ವರ್ಷದ ನಡುವೆ ಕೆಲಸ ಬದಲಿಸಿದವರಿಗೆ, ಈವರೆಗೆ ಮುರಿದದ್ದನ್ನೂ ಲೆಕ್ಕಕ್ಕೆ ಹಿಡಿಯುವ ಎಸ್ಟಿಮೇಟರೇ ಮೇಲು. ಎಚ್-4 ವೀಸಾದಲ್ಲಿದ್ದ (ಎಚ್-1ಬಿ ಉದ್ಯೋಗ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾ) ಸಂಗಾತಿಗೆ ಕೆಲಸದ ಅನುಮತಿ ಸಿಕ್ಕಿ ವರ್ಷದ ಮಧ್ಯದಲ್ಲಿ ಎರಡನೇ ಸಂಬಳ ಶುರುವಾದಾಗ, ಹೊಸ ಕೆಲಸದ ಫಾರಂ ಜೊತೆಗೆ ಹಳೆಯ ಕೆಲಸದ ಫಾರಂ ಅನ್ನೂ ಬದಲಿಸಬೇಕು ಎಂಬುದು ಹಲವರಿಗೆ ಹೊಳೆಯುವುದೇ ಇಲ್ಲ.

ಮಕ್ಕಳು, ಊರಿನಲ್ಲಿರುವ ತಂದೆತಾಯಿ

ಮೂರನೇ ಹಂತದಲ್ಲಿ ಬರೆಯುವ ಮೊತ್ತ ಮುರಿತವನ್ನು ನೇರವಾಗಿ ಇಳಿಸುತ್ತದೆ. 2026ರಲ್ಲಿ 17 ವರ್ಷ ತುಂಬದ ಪ್ರತಿ ಮಗುವಿಗೆ 2,200 ಡಾಲರ್, ಬೇರೆ ಅವಲಂಬಿತರಿಗೆ ತಲಾ 500. ಇದನ್ನು ಗಂಡ ಹೆಂಡತಿ ಇಬ್ಬರೂ ಬರೆಯುವಂತಿಲ್ಲ. ಹೆಚ್ಚು ಸಂಬಳದ ಒಂದೇ ಫಾರಂನಲ್ಲಿ ಬರೆಯಬೇಕು.

ಭಾರತದಿಂದ ಬಂದ ಕುಟುಂಬಗಳು ಗಮನಿಸಬೇಕಾದ ಎರಡು ಸಂಗತಿಗಳಿವೆ. 2,200 ಡಾಲರ್ ಸಿಗುವುದು ಕೆಲಸಕ್ಕೆ ಮಾನ್ಯವಾದ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇರುವ ಮಗುವಿಗೆ ಮಾತ್ರ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಹುಟ್ಟಿ ಎಚ್-4ರಲ್ಲಿ ಬಂದು, ಐಟಿನ್ ಸಂಖ್ಯೆ (ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಪಡೆಯಲಾಗದವರಿಗೆ ಐಆರ್‌ಎಸ್ ಕೊಡುವ ತೆರಿಗೆ ಸಂಖ್ಯೆ) ಮಾತ್ರ ಇರುವ ಮಗುವಿಗೆ ಸಿಗುವುದು 500. ಅಂಥ ಇಬ್ಬರು ಮಕ್ಕಳಿಗೆ 4,400 ಎಂದು ಬರೆದರೆ, ಆ ಒಂದು ಸಾಲಿನಿಂದಲೇ 3,400 ಡಾಲರ್ ಬಾಕಿ ಹುಟ್ಟುತ್ತದೆ. ಎರಡನೆಯದು, ಊರಿನಲ್ಲಿರುವ ತಂದೆತಾಯಿಗೆ ತಿಂಗಳು ತಿಂಗಳೂ ಹಣ ಕಳಿಸುತ್ತಿದ್ದರೂ ಅವರನ್ನು ಅವಲಂಬಿತರೆಂದು ತೋರಿಸಲು ಬರುವುದಿಲ್ಲ, ಏಕೆಂದರೆ ಅವಲಂಬಿತರು ಅಮೆರಿಕದ ನಾಗರಿಕರೋ ನಿವಾಸಿಗಳೋ ಆಗಿರಬೇಕು, ಇಲ್ಲವೇ ಕೆನಡಾ ಅಥವಾ ಮೆಕ್ಸಿಕೊದ ನಿವಾಸಿಗಳಾಗಿರಬೇಕು.

ಸಂಬಳದಾಚೆಯ ಆದಾಯ: 4(ಎ), 4(ಸಿ), ಮೂರು ತಿಂಗಳ ಕಂತು

ಅಮೆರಿಕದ ತೆರಿಗೆ ನಿವಾಸಿಗಳು ಜಗತ್ತಿನ ಎಲ್ಲೆಡೆಯ ಆದಾಯಕ್ಕೂ ಅಲ್ಲಿ ತೆರಿಗೆ ಕಟ್ಟಬೇಕು. ಅನಿವಾಸಿ ಭಾರತೀಯರು ವಿದೇಶದ ಗಳಿಕೆಯನ್ನು ಭಾರತದಲ್ಲಿಡುವ ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಅಮೆರಿಕದಲ್ಲಿ ಇದೆ. ಅವರ ಭಾರತದ ಗಳಿಕೆಯನ್ನಿಡುವ ಎನ್‌ಆರ್‌ಒ ಖಾತೆಯ ಬಡ್ಡಿಗೂ ಮೈಸೂರಿನ ಮನೆಯ ಬಾಡಿಗೆಗೂ ಎರಡೂ ಕಡೆ ಲೆಕ್ಕವಿದೆ. ಭಾರತದಲ್ಲಿ ಕಟ್ಟಿದ ತೆರಿಗೆಗೆ ಫಾರಂ 1116ರ ಮೂಲಕ ಅಮೆರಿಕದಲ್ಲಿ ವಜಾ ಕೇಳಬಹುದು. ಇವಕ್ಕೆಲ್ಲ ಅಮೆರಿಕದಲ್ಲಿ ಮುಂಗಡವಾಗಿ ಯಾರೂ ತೆರಿಗೆ ಮುರಿದಿರುವುದಿಲ್ಲ.

ಈ ಆದಾಯವನ್ನು 4(ಎ) ಸಾಲಿನಲ್ಲಿ ಬರೆದರೆ ಕಂಪನಿ ಅದನ್ನೂ ಸಂಬಳದ ಜೊತೆ ಸೇರಿಸಿ ತಕ್ಕ ದರದಲ್ಲಿ ತಾನೇ ಮುರಿದುಕೊಳ್ಳುತ್ತದೆ, ಲೆಕ್ಕದ ತಲೆನೋವಿಲ್ಲ. ಆದರೆ ತಮ್ಮ ಬಾಡಿಗೆ, ಬಡ್ಡಿಗಳ ವಿವರ ಕಚೇರಿಯ ವೇತನ ವಿಭಾಗಕ್ಕೆ ಏಕೆ ಎನ್ನುವವರು, ಬೀಳುವ ತೆರಿಗೆಯನ್ನು ತಾವೇ ಅಂದಾಜಿಸಿ 4(ಸಿ)ಯಲ್ಲಿ ಬರೆಯಬಹುದು. ಮೂರನೆಯ ದಾರಿ, ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15 ಮತ್ತು ಮರುವರ್ಷದ ಜನವರಿ 15ಕ್ಕೆ ಐಆರ್‌ಎಸ್‌ಗೆ ನೇರವಾಗಿ ಕಂತು ಕಟ್ಟುವುದು. ಸ್ವಂತ ವ್ಯವಹಾರ ಇರುವವರಿಗೆ ಇದೇ ಸರಿ. ಸಂಬಳದವರಿಗೆ ನಾನು 4(ಸಿ)ಯನ್ನೇ ಮುಂದಿಡುತ್ತೇನೆ, ಏಕೆಂದರೆ ಅದಕ್ಕೆ ಕಂತಿಗಿಲ್ಲದ ಒಂದು ಅನುಕೂಲವಿದೆ: ಸಂಬಳದಿಂದ ಮುರಿದ ತೆರಿಗೆ ಯಾವ ತಿಂಗಳಲ್ಲಿ ಮುರಿದದ್ದಾದರೂ, ವರ್ಷವಿಡೀ ಸಮನಾಗಿ ಕಟ್ಟಿದ್ದೆಂದೇ ಕಾನೂನು ಪರಿಗಣಿಸುತ್ತದೆ. ಅಕ್ಟೋಬರ್‌ನಲ್ಲಿ ಕೊರತೆ ಕಣ್ಣಿಗೆ ಬಿದ್ದರೆ ಉಳಿದ ಕೆಲವು ಸಂಬಳಗಳಲ್ಲಿ ದೊಡ್ಡ ಮೊತ್ತ ಮುರಿಸಿ ದಂಡದಿಂದ ಪಾರಾಗಬಹುದು. ಅದೇ ಮೊತ್ತವನ್ನು ಜನವರಿಯ ಕಂತಿನಲ್ಲಿ ಕಟ್ಟಿದರೆ, ಹಿಂದಿನ ಮೂರು ಕಂತುಗಳ ಕೊರತೆಗೆ ಸಾಮಾನ್ಯವಾಗಿ ದಂಡ ಬೀಳುತ್ತದೆ.

ಬೋನಸ್ ಮತ್ತು ಕಂಪನಿ ತನ್ನ ಉದ್ಯೋಗಿಗಳಿಗೆ ಕೊಡುವ ಆರ್‌ಎಸ್‌ಯು ಷೇರುಗಳ ವಿಷಯದಲ್ಲಿಯೂ ಇದೇ ಉಪಾಯ ನಡೆಯುತ್ತದೆ. ಇವುಗಳ ಮೇಲೆ ಕಂಪನಿಗಳು ಸಾಮಾನ್ಯವಾಗಿ ಶೇ. 22ರ ಒಂದೇ ದರದಲ್ಲಿ ಮುರಿಯುತ್ತವೆ, ಡಬ್ಲ್ಯು-4 ಏನು ಹೇಳುತ್ತದೆಂದು ನೋಡುವುದಿಲ್ಲ. ವರ್ಷಕ್ಕೆ ಹತ್ತು ಲಕ್ಷ ಡಾಲರ್ ಮೀರಿದ ಭಾಗಕ್ಕೆ ಮಾತ್ರ ಶೇ. 37. 1,90,000 ಸಂಬಳದ ಜೊತೆಗೆ 60,000 ಡಾಲರ್ ಷೇರು ಕೈಸೇರಿದ ಒಂಟಿ ಉದ್ಯೋಗಿಗೆ ಆ ಷೇರಿನ ಮೇಲಿನ ನಿಜವಾದ ತೆರಿಗೆ 2026ರ ದರದಲ್ಲಿ 16,970, ಮುರಿಯುವುದು 13,200. ಷೇರು ಕೈಗೆ ಬಂದಾಗಲೇ ತೆರಿಗೆ ಮುರಿದಾಗಿದೆ, ಇನ್ನೇನು ಬಾಕಿ ಎಂದು ಕೇಳುವವರಿಗೆ ಉತ್ತರ ಆ 3,770 ಡಾಲರ್ ಅಂತರದಲ್ಲಿದೆ.

4(ಬಿ) ಸಾಲು ಇದಕ್ಕೆ ತದ್ವಿರುದ್ಧ. ಮನೆಸಾಲದ ಬಡ್ಡಿ, ರಾಜ್ಯದ ತೆರಿಗೆ, ದಾನಗಳೆಲ್ಲ ಕೂಡಿ ಸ್ಟ್ಯಾಂಡರ್ಡ್ ಡಿಡಕ್ಷನ್ ಮೀರಿದರೆ, ಮೀರಿದ ಮೊತ್ತವನ್ನು ಅಲ್ಲಿ ಬರೆದು ಮುರಿತ ಇಳಿಸಬಹುದು. ರಾಜ್ಯ ಮತ್ತು ಸ್ಥಳೀಯ ತೆರಿಗೆಯ ಮಿತಿಯನ್ನು 2025ರಲ್ಲಿ 10,000ದಿಂದ 40,000 ಡಾಲರ್‌ಗೆ ಏರಿಸಿದ ಮೇಲೆ, ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯಂಥ ಕಡೆ ಸ್ವಂತ ಮನೆ ಇರುವ ಮೊದಲಿಗಿಂತ ಹೆಚ್ಚು ಜನರಿಗೆ ಈ ಸಾಲು ಉಪಯೋಗಕ್ಕೆ ಬರುತ್ತಿದೆ. 401(ಕೆ)ಗೆ ತೆರಿಗೆಗೆ ಮುನ್ನ ಹಾಕಿದ ಹಣವನ್ನು ಇಲ್ಲಿ ಬರೆಯಬಾರದು. ವೇತನ ವಿಭಾಗ ಅದನ್ನು ಮೊದಲೇ ಕಳೆದಿರುತ್ತದೆ.

ವಿದ್ಯಾರ್ಥಿಗಳು, ಹೊಸದಾಗಿ ಬಂದವರು

ಎಫ್-1 ವೀಸಾದಲ್ಲಿರುವವರು ಮೊದಲ ಐದು ಕ್ಯಾಲೆಂಡರ್ ವರ್ಷ ಸಾಮಾನ್ಯವಾಗಿ ತೆರಿಗೆಯ ಮಟ್ಟಿಗೆ ಅನಿವಾಸಿಗಳು. ಅವರ ಫಾರಂನಲ್ಲಿ ಆಯ್ಕೆಗಳು ಕಡಿಮೆ: ಮದುವೆಯಾಗಿದ್ದರೂ ಒಂಟಿ ಎಂದೇ ಗುರುತು ಹಾಕಬೇಕು, 4(ಸಿ)ಯ ಕೆಳಗೆ ‘ಎನ್‌ಆರ್‌ಎ’ (ನಾನ್‌ರೆಸಿಡೆಂಟ್ ಏಲಿಯನ್, ಅಂದರೆ ಅನಿವಾಸಿ ವಿದೇಶಿ) ಎಂದು ಬರೆಯಬೇಕು. ಬೇರೆ ದೇಶಗಳ ವಿದ್ಯಾರ್ಥಿಗಳಿಗೆ ಸಿಗದ ಒಂದು ಸೌಲಭ್ಯ ಭಾರತೀಯ ವಿದ್ಯಾರ್ಥಿಗಳಿಗಿದೆ. ಭಾರತ–ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಂತೆ ಅವರು ಅನಿವಾಸಿಗಳಾಗಿದ್ದೂ ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಬಹುದು. ಅನಿವಾಸಿಗಳ ಸಂಬಳಕ್ಕೆ ಕಾಲ್ಪನಿಕ ಮೊತ್ತ ಸೇರಿಸಿ ಹೆಚ್ಚು ಮುರಿಯುವ ಕ್ರಮವೂ ಅವರಿಗೆ ಅನ್ವಯಿಸುವುದಿಲ್ಲ. ವೇತನ ವಿಭಾಗದವರಿಗೆ ಇದು ತಿಳಿಯದೆ ಹೆಚ್ಚು ಮುರಿದಿದ್ದರೆ, ರಿಟರ್ನಿನಲ್ಲಿ ಆ ಹಣ ವಾಪಸ್ ಬರುತ್ತದೆ.

ಅಕ್ಟೋಬರ್‌ನಲ್ಲಿ ಎಚ್-1ಬಿ ಮೇಲೆ ಬಂದಿಳಿದವರ ಕಥೆ ಬೇರೆ. ಆ ವರ್ಷ ಅವರೂ ಸಾಮಾನ್ಯವಾಗಿ ಅನಿವಾಸಿಗಳೇ, ಆದರೆ ವಿದ್ಯಾರ್ಥಿಗಳ ಸೌಲಭ್ಯ ಅವರಿಗಿಲ್ಲ. ಇನ್ನೊಂದೆಡೆ, ತಿಂಗಳಿಗೆ 10,000 ಡಾಲರ್ ಸಂಬಳವಾದರೆ ವರ್ಷಕ್ಕೆ 1,20,000 ಬರುತ್ತದೆಂಬ ಲೆಕ್ಕದಲ್ಲಿ ಕಂಪನಿ ಮುರಿಯುತ್ತದೆ, ಕೈಗೆ ಬರುವುದೋ ಮೂರು ತಿಂಗಳ 30,000 ಮಾತ್ರ. ಹಾಗಾಗಿ ಮೊದಲ ವರ್ಷ ರಿಫಂಡ್ ಬರುವುದು ಸಹಜ. ಆ ಅನುಭವವನ್ನೇ ನೆಚ್ಚಿಕೊಂಡು ಮುಂದಿನ ವರ್ಷವೂ ಹಾಗೆಯೇ ಎಂದುಕೊಳ್ಳಬಾರದು.

ರಾಜ್ಯದ ಫಾರಂ, ಬದಲಿಸುವ ಸಮಯ

ಟೆಕ್ಸಸ್, ಫ್ಲಾರಿಡಾ, ವಾಷಿಂಗ್ಟನ್ ರಾಜ್ಯಗಳಲ್ಲಿ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಡಿಇ-4 ಎಂಬ ಪ್ರತ್ಯೇಕ ಫಾರಂ ಇದೆ, ಅದರಲ್ಲಿ ಹಳೆಯ ಅಲೋಯನ್ಸ್ ಸಂಖ್ಯೆ ಇಂದಿಗೂ ಉಳಿದಿದೆ. ಕೇಂದ್ರದ ಫಾರಂ ಸರಿಪಡಿಸಿ ಇದನ್ನು ಮರೆತರೆ ಬಾಕಿ ರಾಜ್ಯದ ಕಡೆಯಿಂದ ಬರುತ್ತದೆ.

ಡಬ್ಲ್ಯು-4 ಅನ್ನು ವರ್ಷದಲ್ಲಿ ಎಷ್ಟು ಬಾರಿಯಾದರೂ ಬದಲಿಸಬಹುದು. ಕೊಟ್ಟ 30ನೇ ದಿನ ಅಥವಾ ಅದರ ನಂತರ ಮುಗಿಯುವ ಮೊದಲ ವೇತನಾವಧಿಯ ಆರಂಭದೊಳಗೆ ಕಂಪನಿ ಅದನ್ನು ಜಾರಿಗೆ ತರಬೇಕು. ಬಹುಪಾಲು ಕಡೆ ಮುಂದಿನ ಸಂಬಳದಲ್ಲೇ ಕಾಣುತ್ತದೆ. ವರ್ಷದ ಮಧ್ಯದಲ್ಲಿ ಕೊರತೆ ತುಂಬಲು 4(ಸಿ)ಯಲ್ಲಿ ದೊಡ್ಡ ಮೊತ್ತ ಬರೆದವರು ಜನವರಿಯಲ್ಲಿ ಮತ್ತೆ ಹೊಸ ಫಾರಂ ಕೊಡಬೇಕು, ಇಲ್ಲವಾದರೆ ಅದೇ ಮೊತ್ತ ಮರುವರ್ಷವೂ ಮುರಿಯುತ್ತಲೇ ಇರುತ್ತದೆ. ಬದಲಾವಣೆಯ ನಂತರದ ಮೊದಲ ಸಂಬಳದ ಚೀಟಿಯಲ್ಲಿ ಕೇಂದ್ರ ಆದಾಯ ತೆರಿಗೆಯ ಸಾಲನ್ನು ಮಾತ್ರ ಹಿಂದಿನ ಚೀಟಿಯೊಂದಿಗೆ ಹೋಲಿಸಿ ನೋಡಬೇಕು. ಸೋಷಿಯಲ್ ಸೆಕ್ಯುರಿಟಿಯ ಶೇ. 6.2 ಮತ್ತು ಮೆಡಿಕೇರ್‌ನ ಶೇ. 1.45 ಈ ಫಾರಂನಿಂದ ಬದಲಾಗುವುದಿಲ್ಲ.